ನಮ್ಮ ಪ್ರಿಂಟರಿಗೆ ಡ್ರೈವರ್ ಸಿಕ್ಕಿದ್ದು

ಕಂಪ್ಯೂಟರ್ ಅಂಗಡಿ ಇಟ್ಟವರು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಜೆರಾಕ್ಸ್ ಮಾಡಿಸುವ ನೆಪದಲ್ಲಿ ಅದೇ ಮೆಟ್ಟಿಲು ಹತ್ತಿ ಬರುತ್ತದೆ.

ನಾನು ಬಿಜಾಪುರದ ಕಡೆಯವಳು. ಟೈಪಿಂಗ್ ಕಲಿಸಲೆಂದು ಹರೆಯದಲ್ಲಿ ಕುಂದಾಪುರಕ್ಕೆ ಬಂದವಳು, ಆಮೇಲೆ ಕೋಟೇಶ್ವರದಲ್ಲಿ ಡಿಟಿಪಿ ಅಂಗಡಿ ಹಾಕಿ ಇಲ್ಲೇ ಮುದುಕಿಯಾದೆ. ಈಚೆಗೆ ಹಳೆಯ ಕಂಪ್ಯೂಟರ್ ಕೆಟ್ಟು ಹೊಸದು ತಂದೆ. ಅದು ನನ್ನ ಪ್ರಿಂಟರಿನ ಪರಿಚಯವೇ ತನಗಿಲ್ಲ ಎಂದಿತು. ಹೊಸ ಪ್ರಿಂಟರ್ ಕೊಳ್ಳುವ ತಾಕತ್ತಿಲ್ಲ. ಪ್ರಿಂಟರ್ ಇಲ್ಲದೆ ಅಂಗಡಿ ಇಲ್ಲ.

ಊರಿನಿಂದ ತಮ್ಮ ಫೋನ್ ಮಾಡಿ, "ಸಾಕ್ ಬಿಡು ಅಕ್ಕಾ, ಅಂಗಡಿ ಮುಚ್ಚಿ ಇಲ್ಲೇ ಬಂದಬಿಡು" ಅಂದ.

"ಅಲ್ಲಿ ಬಂದು ಏನ್ ಮಾಡ್ಲೋ?"

"ಏನೂ ಮಾಡಬ್ಯಾಡ. ಸುಮ್ಮನ ಕೂಡು."

ಹೆದರಿಕೆ ಹುಟ್ಟಿದ್ದು ಆಗಲೇ.

೧. ಗಾಡಿ ಎಲ್ಲಿತ್ತ್?

ಪಕ್ಕದ ಅಂಗಡಿಯ ತೆಂಗಿನಕಾಯಿ ವ್ಯಾಪಾರಿ ನನ್ನ ಮುಖ ನೋಡಿ, "ಎಂತ ಆಯ್ತ್ ಅಮ್ಮ?" ಎಂದು ಕೇಳಿದರು.

"ಡ್ರೈವರ್ ಇಲ್ಲ ಮಾರಾಯ್ರೆ. ಡ್ರೈವರ್ ಸಿಕ್ಕಿದರೆ ಎಲ್ಲ ಓಡುತ್ತದೆ" ಅಂದೆ.

ಮಧ್ಯಾಹ್ನ ಖಾಕಿ ಅಂಗಿಯ ಹಿರಿಯರೊಬ್ಬರು ಹೆಗಲಿಗೆ ಟವೆಲ್ ಹಾಕಿಕೊಂಡು ಬಾಗಿಲಲ್ಲಿ ನಿಂತರು. ಬ್ರಹ್ಮಾವರದಿಂದ ಶಂಕರನಾರಾಯಣಕ್ಕೆ ಬಸ್ಸು ಓಡಿಸುತ್ತಿದ್ದವರು. ವ್ಯಾಪಾರಿಯೇ ಕಳಿಸಿದ್ದು.

"ಹ್ವಾಯ್ ಅಮ್ಮಾ, ಗಾಡಿ ಎಲ್ಲಿತ್ತ್?"

ಮೇಜಿನ ಮೇಲಿದ್ದ ಪ್ರಿಂಟರ್ ತೋರಿಸಿದೆ. ಅವರು ಅದನ್ನು ಒಂದು ಸುತ್ತು ಹಾಕಿ, ಸೀಟು ಕಾಣದೆ, "ಇದ್ರಂಗೆ ಕೂಕಂಬುದ್ ಎಲ್ಲಿ?" ಅಂದರು.

ಕಂಪ್ಯೂಟರ್ ಹೇಳಿದ್ದನ್ನು ಪ್ರಿಂಟರಿಗೆ ತಿಳಿಯುವ ಹಾಗೆ ದಾಟಿಸುವ ತಂತ್ರಾಂಶಕ್ಕೇ ಡ್ರೈವರ್ ಅನ್ನುತ್ತಾರೆ ಎಂದು ವಿವರಿಸಿದೆ. ಅವರು ತಲೆ ಅಲ್ಲಾಡಿಸಿ ಹೊರಟರು.

"ಹಂಗಾರೆ ಅದ್ ಡ್ರೈವರ್ ಅಲ್ಲ ಅಮ್ಮ, ಕಂಡಕ್ಟರ್! 'ರೈಟ್' ಹೇಳುದ್ ಅವನೇ ಅಲ್ದಾ?"

೨. ಮಸಾಲೆಯ ಗುಟ್ಟು

ಪ್ರಿಂಟರ್ ಕಂಪನಿಗೆ ಫೋನ್ ಮಾಡಿದೆ. ಜೇನಿನಂಥ ದನಿಯ ಹುಡುಗಿ, "ಮೇಡಂ, ಆ ಮಾದರಿಗೆ ಈಗ ಡ್ರೈವರ್ ಕೊಡುವುದಿಲ್ಲ" ಅಂದಳು.

"ಹಾಗಾದರೆ ಆ ಯಂತ್ರದ ಜೊತೆ ಮಾತಾಡುವುದು ಹೇಗೆಂದು ಹೇಳಿ. ಯಾರ ಕೈಯಲ್ಲಾದರೂ ಬರೆಸಿಕೊಳ್ಳುತ್ತೇನೆ."

"ಅದು ಕಂಪನಿಯ ಗುಟ್ಟು, ಮೇಡಂ."

"ನೀವು ಅಡುಗೆ ಮಾಡಿ ಬಡಿಸುವುದಿಲ್ಲ, ಮಸಾಲೆಯನ್ನೂ ಹೇಳುವುದಿಲ್ಲ. ನಾನೇನು ಉಪವಾಸ ಕೂರಲೆ?"

ಆಕೆ ಅದೇ ಜೇನಿನ ದನಿಯಲ್ಲಿ, "ನಮ್ಮ ಸೇವೆ ತೃಪ್ತಿ ತಂದಿದ್ದರೆ ಒಂದನ್ನು ಒತ್ತಿ" ಅಂದಳು.

ಒತ್ತಿದೆ. ಕೆಂಪು ಗುಂಡಿಯನ್ನು.

೩. ಮುಚ್ಚಳ ಹಾಕಿ

ಬೈಂದೂರಿನ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಬಿಜೂರಿನ ಟೀಚರೊಬ್ಬರು ಪ್ರಶ್ನೆಪತ್ರಿಕೆ ಮಾಡಿಸಲು ಬಂದವರು ಸಂಗತಿ ಕೇಳಿ ನಕ್ಕರು. "ಕಂಪನಿ ಕೊಡದಿರೆ ಎಂತ ಅಮ್ಮ? ಯಾರೋ ಪುಣ್ಯಾತ್ಮರು ತಾವೇ ಗುಟ್ಟ್ ಪತ್ತೆ ಮಾಡಿ ಡ್ರೈವರ್ ಬರ್ದ್ ಎಲ್ಲರಿಗೂ ಬಿಟ್ಟಿದ್ರ್. ಓಪನ್ ಸೋರ್ಸ್."

ಬಾಗಿಲಲ್ಲೇ ನಿಂತಿದ್ದ ವ್ಯಾಪಾರಿಗೆ ಗಾಬರಿ. "ಓಪನ್ ಇಟ್ರೆ ಸೋರುದೇ ಅಲ್ದಾ? ಒಂದ್ ಮುಚ್ಚಳ ಹಾಕುಕೆ ಹೇಳಿ!"

"ಸೋರ್ಲಿ ಅಂದೇ ತೆರೆದಿಟ್ಟದ್ದ್. ಸೋರಿದ್ ಎಲ್ಲರ ಬಾವಿಗೂ ಹೋಯ್ಲಿ" ಅಂದರು ಟೀಚರ್.

ಅವರು ಆ ಡ್ರೈವರ್ ಹಾಕಿದ್ದೇ ತಡ, ನನ್ನ ಪ್ರಿಂಟರ್ ಕೆಮ್ಮಿ ಕ್ಯಾಕರಿಸಿ ಒಂದು ಹಾಳೆ ಉಗುಳಿತು. ಅಕ್ಷರಗಳೆಲ್ಲ ಮುತ್ತಿನಂತೆ ಬಂದಿದ್ದವು, ಮೇಲಿನ ಸಾಲು ಮಾತ್ರ ಮಾಯ.

ವ್ಯಾಪಾರಿ ಹಾಳೆ ಎತ್ತಿ ಹಿಡಿದರು. "ನಾ ಹೇಳ್ಲಿಲ್ಯಾ? ಕಾಣಿ, ತಲೆಯೇ ಸೋರಿ ಹೋಯ್ತ್!"

೪. ಬಂಗುಡೆ ಇಲ್ಲ

ಹಿಂದಿನ ಬೀದಿಯಲ್ಲಿ ಮೀನೂಟದ ಹೋಟೆಲು ನಡೆಸುವ ಅಕ್ಕ ಅವತ್ತೇ ಒಂದು ಬೋರ್ಡು ಮಾಡಿಸಲು ಬಂದರು. ಮೇಲಿನ ಸಾಲಿನಲ್ಲಿ "ಇವತ್ತು", ಅದರ ಕೆಳಗೆ "ಬಂಗುಡೆ ಇಲ್ಲ. ಕೇಳಬೇಡಿ." ಪ್ರಿಂಟರ್ "ಇವತ್ತು" ನುಂಗಿದ್ದನ್ನು ಅವಸರದಲ್ಲಿ ನಾನೂ ನೋಡಲಿಲ್ಲ, ಅವರೂ ನೋಡಲಿಲ್ಲ. ಗೋಡೆಗೆ ಅಂಟಿಸಿದ ಮೇಲೆ ಓಡಿ ಬಂದರು.

"ಇವತ್ತ್ ಮಾತ್ರ ಇಲ್ದಿದ್ದ್ ಅಮ್ಮ! ನೀವ್ ಜನ್ಮಕ್ಕೇ ಇಲ್ಲ ಅಂದ್ ಬರ್ದ್ ಕೊಟ್ರಿ!"

ಟೀಚರ್ ಆ ಹಾಳೆಯ ಚಿತ್ರವನ್ನೇ, ಅದು ಬರಬೇಕಾಗಿದ್ದ ರೀತಿಯ ಜೊತೆಗೆ, ಡ್ರೈವರ್ ಬರೆದ ಮನುಷ್ಯನಿಗೆ ಕಳಿಸಿದರು. ಯಾವುದೋ ಚಳಿದೇಶದವನು. ನಮ್ಮನ್ನು ಕಂಡವನಲ್ಲ, ಕೇಳಿದವನಲ್ಲ; ಕೂತು ಸರಿಪಡಿಸಿ ಕಳಿಸಿದ. "ಇವತ್ತು" ತಲೆ ಎತ್ತಿಕೊಂಡು ಹೊರಗೆ ಬಂತು. ನಾನು ತಮ್ಮನಿಗೆ ಫೋನ್ ಮಾಡಿ, "ಬರೂದಿಲ್ಲೋ, ಕೆಲಸ ಭಾಳ ಅದ" ಅಂದೆ.

ಆ ಪುಣ್ಯಾತ್ಮನಿಗೆ ನಮ್ಮ ದುಂಡು ಅಕ್ಷರ ಹಿಡಿಸಿಬಿಟ್ಟಿತಂತೆ. ಈ ಹಾಳೆಯನ್ನೇ ಆ ಮಾದರಿಯಲ್ಲಿ ಮೊದಲು ಅಚ್ಚು ಹಾಕಿ ನೋಡುವ ಪರೀಕ್ಷೆಯ ಪುಟವಾಗಿ ಇಟ್ಟುಕೊಳ್ಳಲೇ ಎಂದು ಕೇಳಿದ. ಅಗತ್ಯವಾಗಿ ಇಟ್ಟುಕೊಳ್ಳಿ ಎಂದೆವು. ಈಗ ಪ್ರಪಂಚದ ಯಾವ ಮೂಲೆಯಲ್ಲಾದರೂ ಸರಿ, ಅಂಥ ಹಳೆಯ ಪ್ರಿಂಟರಿಗೆ ಜೀವ ಬಂದಾಗ ಅದು ಆಡುವ ಮೊದಲ ಮಾತು, "ಇವತ್ತು ಬಂಗುಡೆ ಇಲ್ಲ."

ಮೊನ್ನೆ ಬ್ರೆಜಿಲ್ ದೇಶದ ಒಬ್ಬಾತ ಇಂಟರ್ನೆಟ್ಟಿನಲ್ಲಿ ಆ ಹಾಳೆಯ ಚಿತ್ರ ಹಾಕಿ ಬರೆದಿದ್ದ: "ಪ್ರಿಂಟರ್ ಸರಿಯಾಯಿತು, ಎಲ್ಲರಿಗೂ ವಂದನೆ. ಇದು ಯಾವ ದೇವರ ಪ್ರಾರ್ಥನೆ?"

ಟೀಚರ್ ಓದಿ ಹೇಳಿದ್ದನ್ನು ಹೋಟೆಲಿನ ಅಕ್ಕನಿಗೆ ಹೋಗಿ ಹೇಳಿದೆ. ನಿಮ್ಮ ಬೋರ್ಡು ಬ್ರೆಜಿಲ್ ತನಕ ಹೋಗಿದೆ ಅಂದೆ. ಕಾವಲಿಯ ಮೇಲೆ ಮೀನು ಮಗುಚುತ್ತಿದ್ದವರು ಕೈ ನಿಲ್ಲಿಸಿ, ನಿಜವಾಗಿಯೂ ನೊಂದುಕೊಂಡು ಕೇಳಿದರು:

"ಅಯ್ಯೋ ದೇವ್ರೇ, ಅಲ್ಲಿಗೂ ಬಂಗುಡೆ ಬರ್ಲಿಲ್ಯಾ?"