ಕಪ್ಪು ಬೆಳ್ಳಿಯ ತಟ್ಟೆ

ಮನೆಯವರಿಗೆ ತಮ್ಮ ಸಂಶೋಧನೆಯನ್ನು ವಿವರಿಸಲು ಹೊರಡುವವರಿಗೆ ಧೈರ್ಯ ಹೆಚ್ಚಿರಬೇಕು, ಇಲ್ಲವೇ ಬುದ್ಧಿ ಕಡಿಮೆಯಿರಬೇಕು. ನನ್ನಲ್ಲಿ ಎರಡೂ ಕೂಡಿವೆ. ಹೊನ್ನಾವರದ ಮನೆಯಿಂದ ಕುಮಟಾದ ಕಾಲೇಜಿಗೆ ದಿನವೂ ಹೋಗಿ ಬರುವ ರಸಾಯನಶಾಸ್ತ್ರದ ಉಪನ್ಯಾಸಕಿ ನಾನು. ಒಂದು ಸಂಜೆ ಹರಿವೆ ಸೊಪ್ಪು ಬಿಡಿಸುತ್ತಾ ಅತ್ತೆಗೆ ಹೇಳಿಬಿಟ್ಟೆ: ಗದ್ದೆಗೆ ಹಾಕುವ ಯೂರಿಯಾ, ಕೋಳಿ ಆಹಾರಕ್ಕೆ ಬೆರೆಸುವ ಕೋಲಿನ್ ಕ್ಲೋರೈಡ್, ಎರಡೂ ಒಣ ಪುಡಿಗಳೇ, ಸೇರಿಸಿ ಚೂರು ಬಿಸಿ ಮಾಡಿದರೆ ಸಕ್ಕರೆ ಪಾಕದಂಥ ದ್ರವವಾಗುತ್ತದೆ, ಅದರಲ್ಲಿ ಬೆಳ್ಳಿಯ ಲವಣ ಕರಗಿಸಿ ಕರೆಂಟು ಹಾಯಿಸಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿಯ ಕಣಗಳು, ಅಂದರೆ ನ್ಯಾನೋ ಕಣಗಳು, ಲೋಹದ ಮೇಲೆ ಬಂದು ಕೂರುತ್ತವೆ ಎಂದು. ಅತ್ತೆ ಯೂರಿಯಾ, ಕೋಳಿ ಎಲ್ಲವನ್ನೂ ಬದಿಗೆ ಸರಿಸಿ ಬೆಳ್ಳಿಯೊಂದನ್ನೇ ಹಿಡಿದುಕೊಂಡರು.

ಮರುವಾರ ನನ್ನ ನಾದಿನಿಯನ್ನು ನೋಡಲು ಭಟ್ಕಳದ ಹತ್ತಿರದ ಹೆಬಳೆಯಿಂದ ಗಂಡಿನ ಕಡೆಯವರು ಬರುವವರಿದ್ದರು. ಬಂದ ಹೆಂಗಸರಿಗೆ ಹೂ ಕುಂಕುಮ ಕೊಡುವ ಅಂಗೈಯಗಲದ ಹಿತ್ತಾಳೆ ತಟ್ಟೆಯನ್ನು ಅತ್ತೆ ನನ್ನ ಚೀಲಕ್ಕೆ ಹಾಕಿದರು. ನಾನು ಬೇಡವೆನ್ನುವ ಮೊದಲೇ, ಸೊಸೆ ಕಾಲೇಜಿನಲ್ಲೇ ಬೆಳ್ಳಿ ಏರಿಸಿ ತರುತ್ತಾಳೆಂದು ಗಂಡಿನ ತಾಯಿಗೆ ಫೋನಿನಲ್ಲಿ ಹೇಳಿಯೂ ಆಗಿತ್ತು. ಅತ್ತೆಯ ಮಾನ ಈಗ ನನ್ನ ಬೀಕರಿನಲ್ಲಿತ್ತು. ಇಲ್ಲವೆಂದರೆ ಮನೆಯಲ್ಲಿ ಇರುವ ಹಾಗಿರಲಿಲ್ಲ.

ತಟ್ಟೆ ಕಪ್ಪಾಗಿ ಬಂತು. ಸುಮ್ಮನೆ ಕಪ್ಪಲ್ಲ, ದೋಸೆ ಕಾವಲಿಯ ಹಾಗೆ. ಪ್ರಯೋಗಾಲಯದಲ್ಲಿ ಈ ಬಣ್ಣ ಕಂಡರೆ ನಾನು ಕುಣಿಯುವವಳು. ಕಣಗಳು ಬಿಡಿಬಿಡಿಯಾಗಿ ಕೂತರೆ ಬೆಳಕು ಅವುಗಳ ನಡುವೆ ಸಿಕ್ಕಿಬಿದ್ದು ಬೆಳ್ಳಿ ಕಪ್ಪಾಗಿ ಕಾಣುತ್ತದೆ. ಆದರೆ ಇದನ್ನು ಹೆಣ್ಣು ನೋಡಲು ಬಂದವರಿಗೆ ಹೇಳುವವರು ಯಾರು? ಅತ್ತೆ ತಟ್ಟೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ಬೆಳ್ಳಿಯೇ ಹೌದಾ ಎಂದಷ್ಟೇ ಕೇಳಿದರು. ಹೌದೆಂದೆ, ಅಳು ಬರುವಂತಿತ್ತು. ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನ ಗಂಡ ಮಾತ್ರ, ಯೂರಿಯಾ ಹಾಕಿದ ತಟ್ಟೆಯಲ್ಲವೇ, ಹೂ ಬಾಡುವುದಿಲ್ಲ ಬಿಡು ಎಂದು ಸಮಾಧಾನ ಹೇಳಿದರು.

ಗಂಡಿನ ಕಡೆಯವರು ಬರುವ ಭಾನುವಾರ ತಟ್ಟೆಯನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟೆ. ಅತ್ತೆ ಹುಡುಕಿ ತೆಗೆದು, ಅದರ ಮೇಲೆ ಭಟ್ಕಳ ಮಲ್ಲಿಗೆಯ ದಂಡೆ ಇಟ್ಟು ಜಗಲಿಗೆ ತಂದೇಬಿಟ್ಟರು. ಆ ಕಪ್ಪಿನ ಮೇಲೆ ಬಿಳಿ ಹೂ ಎಷ್ಟು ಚೆಂದ ಕಂಡಿತೆಂದರೆ, ಬಚ್ಚಿಟ್ಟವಳಿಗೇ ಹೆಮ್ಮೆಯಾಯಿತು. ಗಂಡಿನ ತಾಯಿ ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು: "ಹೊಳೆಯೋ ಬೆಳ್ಳಿ ಎಲ್ಲರ ಮನೇಲೂ ಅದೆ. ಕಪ್ಪು ಬೆಳ್ಳಿ ನಮ್ಮನೇಲಿ ಮಾತ್ರ."

ಇಷ್ಟು ವರ್ಷ ವಿಚಾರ ಸಂಕಿರಣಗಳಲ್ಲಿ ಗಂಟಲು ಹರಿದುಕೊಂಡರೂ ನನ್ನ ಕೆಲಸವನ್ನು ನಾನು ಇಷ್ಟು ಚೊಕ್ಕವಾಗಿ ಹೇಳಿದ್ದಿಲ್ಲ. ಸಂಬಂಧ ಕುದುರಿತು. ಹುಡುಗ ಹುಡುಗಿ ಒಪ್ಪಿದ್ದರಿಂದ ಎಂದು ನಾವು, ತಟ್ಟೆಯಿಂದ ಎಂದು ಅತ್ತೆ.

ಸ್ವಲ್ಪ ದಿನಕ್ಕೇ ಬೀಗಿತ್ತಿಯ ಹಿತ್ತಾಳೆ ದೀಪವೂ ಬೆಳ್ಳಿ ಏರಿಸಿಕೊಳ್ಳಲು ನನ್ನ ಚೀಲ ಸೇರಿತು. ಈ ಸಲವಾದರೂ ಸೈ ಅನ್ನಿಸಿಕೊಳ್ಳಬೇಕೆಂದು ಕರೆಂಟು ತಗ್ಗಿಸಿ, ತಾಸುಗಟ್ಟಲೆ ಕಾದು ಕೂತೆ. ಕಣಗಳು ಒತ್ತೊತ್ತಾಗಿ ನಯವಾಗಿ ಕೂತವು. ದೀಪ ಫಳಫಳ ಹೊಳೆಯಿತು. ಖುಷಿಯಲ್ಲಿ ನಾನೇ ಹೆಬಳೆಗೆ ಒಯ್ದು ಕೈಗಿತ್ತೆ. ಬೀಗಿತ್ತಿಯ ಮುಖ ಸಪ್ಪಗಾಯಿತು.

"ಎಂತ ತಂಗೀ, ಇದು ಪೇಟೇಲಿ ಸಿಗೋ ಬೆಳ್ಳಿ ಹಾಗೇ ಆತಲ್ಲ."

ಕೈತಪ್ಪಿ ಹೊಳೆದುಬಿಟ್ಟಿತು, ಕ್ಷಮಿಸಿ ಎಂದು ಹೇಳಿ, ದೀಪವನ್ನು ಮತ್ತೆ ಚೀಲಕ್ಕೆ ಹಾಕಿಕೊಂಡೆ.