ದುಂಡಪ್ಪನಾಮವಿಜಯ

ಕಂಠಕುಹರದಲ್ಲಿ ಗುಂಯ್‌ಗುಟ್ಟುವ ಗ ಜ ಡ ದ ಬಗಳೇ, ಸದ್ದಡಗಿಸಿ ಸಿಡಿಯುವ ಕ ಚ ಟ ತ ಪಗಳೇ, ನಿಮ್ಮ ಗಡಿಯಲ್ಲಿ ನಡೆದ ಮಹಾಸಮರವನ್ನು ಬಣ್ಣಿಸಲು ನನ್ನ ನಾಲಿಗೆಗೆ ಬಲ ಕೊಡಿ. ಅದು ಟ್ರ್ಯಾಕ್ಟರು ಎತ್ತುಗಳನ್ನು ಗೆದ್ದಿದ್ದ, ಆದರೆ ನಾದಿನಿಯರನ್ನು ಯಾರೂ ಗೆಲ್ಲಲಾರದಿದ್ದ ಯುಗ.

ಆ ಯುಗದ ಒಂದು ಮಧ್ಯಾಹ್ನ, ಬೈಲಹೊಂಗಲದ ಒಂದು ಹೊಸ್ತಿಲೆದುರು, ಸೇಲಂಸೀಮಾಸಂಭವೆ, ಸೂಚೀಶರಸಂಧಾನಚತುರೆ, ತಿರುಪ್ಪೂರಿನ ಬಟ್ಟೆ ಕಾರ್ಖಾನೆಯಲ್ಲಿ ಜೊತೆಗೆ ದುಡಿದವನನ್ನೇ ವರಿಸಿ ಬಂದ ನವವಧು ಪೂಂಗೊಡಿ ನಿಂತಿದ್ದಳು. ಪಕ್ಕದಲ್ಲಿ ಪತಿ ದುಂಡಪ್ಪ. ಬಾಗಿಲಿಗಡ್ಡವಾಗಿ ದ್ವಾರರೋಧನದುರ್ಧರ್ಷೆ, ಕಂಕಣಝಣತ್ಕಾರಭೀಷಣೆ, ನಾದಿನಿ ನೀಲವ್ವ. ಒಡಪು ಹಾಕಿ, ಪ್ರಾಸದ ಪದ್ಯದಲ್ಲಿ ಹೆಣೆದು, ಗಂಡನ ಹೆಸರು ಹೇಳದೆ ಹೊಸ ಸೊಸೆ ಒಳಗೆ ಕಾಲಿಡುವಂತಿಲ್ಲ ಎಂಬುದು ಆ ಮನೆಯ ಕಟ್ಟಳೆ.

“ಈ ಹೊಸ್ತಿಲ ಮ್ಯಾಲೆ ಎಂಥೆಂಥಾ ವೈನಿಗೋಳು ಬೆವರು ಸುರಿಸ್ಯಾರ,” ಎಂದು ನೀಲವ್ವ ಗರ್ಜಿಸಿದಳು. “ನಮ್ಮಣ್ಣನ ಹೆಸರು ನೆಟ್ಟಗ ಬರೂತನಕ ದೇವೇಂದ್ರ ಬಂದು ಕೇಳಿದ್ರೂ ನಾ ಸರಿಯಾಕಿ ಅಲ್ಲ.”

ರೈಲಿನಲ್ಲಿ ಗಂಡ ಹೇಳಿಕೊಟ್ಟಿದ್ದ ಒಡಪನ್ನು ಪೂಂಗೊಡಿ ಪ್ರಯೋಗಿಸಿದಳು. ಅಯ್ಯೋ, ಬಾವಿ ಪಾವಿಯಾಯಿತು, ಬೆಲ್ಲ ಪೆಲ್ಲವಾಯಿತು, ಸಾಕ್ಷಾತ್ ಪತಿದೇವರು ತುಂಡಪ್ಪನಾದ. ಅಂಗಳವೆಲ್ಲ ನಕ್ಕಿತು. ಅತ್ತೆ ಕೂಡ ಸೆರಗನ್ನು ಬಾಯಿಗಿಟ್ಟಳು. ಎರಡೂ ಸದ್ದಿಗೆ ಒಂದೇ ಅಕ್ಷರವಿರುವ ತಮಿಳು ಲಿಪಿಯಲ್ಲಿ ಬೆಳೆದ ಹುಡುಗಿ ಏನು ಮಾಡಬೇಕು? ಪೂಂಗೊಡಿಗೆ ಅಳು ಬಂತು. ಇಂದು ಸೋತರೆ ಈ ಮನೆಯಲ್ಲಿ ತಾನು ಬಾಯಿ ತೆರೆದಾಗಲೆಲ್ಲ ನಗುತ್ತಾರೆ ಎಂದು ಅವಳಿಗೆ ಹೆದರಿಕೆಯಾಯಿತು.

ಆದರೆ ವೀರವಂಶಜರು ಹೊಸ್ತಿಲಿಗೆ ಬೆನ್ನು ತೋರಿಸುವುದುಂಟೇ? ಅವಳು ಮುನ್ನುಗ್ಗಿ ಶತ್ರುವಿನ ಗಂಟಲ ಮೇಲೆಯೇ ಬೆರಳಿಟ್ಟಳು.

“ನಾನು ಹೇಳಿದ್ದು, ನೀವು ಹೇಳೋದು, ಎರಡೂ ಒಂದ್ಸಲ ಹೇಳಿ. ಮೆಲ್ಲಗೆ.”

ಬೆಚ್ಚಿದ ನೀಲವ್ವ ತ ಎಂದಳು, ಗಂಟಲು ಸುಮ್ಮನಿತ್ತು. ದ ಎಂದಳು, ಒಳಗೆ ಏನೋ ಗುಂಯ್‌ಗುಟ್ಟಿತು. ಪೂಂಗೊಡಿಯ ಮುಖ ಅರಳಿತು. ಇದು ತನ್ನ ಹೊಲಿಗೆ ಯಂತ್ರವೇ! ತ ಎಂದರೆ ಮೋಟರು ಬಂದ್, ದ ಎಂದರೆ ಮೋಟರು ಚಾಲೂ. ತನ್ನ ಕೊರಳಿಗೂ ಬೆರಳಿಟ್ಟು, ಮೋಟರು ಚಾಲೂ ಮಾಡಿ, ಅವಳು ಬ್ರಹ್ಮಾಸ್ತ್ರವನ್ನು ಬಿಟ್ಟಳು:

“ಬಾವಿ ನೀರು ತಣ್ಣಗ, ಬೆಲ್ಲದ ಹೋಳಿಗೆ ಬೆಚ್ಚಗ, ದುಂಡಪ್ಪರಾಯರ ಹೆಸರ ಹೇಳೀನಿ, ಬಾಗಿಲ ಬಿಡ್ರಿ ಸುಮ್ಮಗ.”

ದಿಕ್ಕುಗಳು ಸ್ತಬ್ಧವಾದವು. ನೀಲವ್ವ ಬಾಗಿಲು ಬಿಟ್ಟು ಸರಿದಳು. ಅತ್ತೆ ದೃಷ್ಟಿ ತೆಗೆದಳು. ವಿಜಯಲಕ್ಷ್ಮೀಸ್ವರೂಪೆಯಾದ ಪೂಂಗೊಡಿ ಗಂಡನ ಮೆಚ್ಚುಗೆಗಾಗಿ ಪಕ್ಕಕ್ಕೆ ತಿರುಗಿದಳು. ಪಕ್ಕ ಖಾಲಿಯಿತ್ತು.

ಯಾರ ನಾಮಕ್ಕಾಗಿ ಈ ಘೋರಸಂಗ್ರಾಮ ನಡೆದಿತ್ತೋ ಆ ಪುರುಷೋತ್ತಮ, ಹಸಿವು ತಾಳದೆ, ಯಾವಾಗಲೋ ಹಿತ್ತಲ ಬಾಗಿಲಿಂದ ಒಳಹೊಕ್ಕು ಅಡುಗೆಮನೆಯಲ್ಲಿ ಹೋಳಿಗೆಗೆ ತುಪ್ಪ ಸುರಿದುಕೊಳ್ಳುತ್ತಿದ್ದ.

ಗಂಡನ ಹೆಸರು ಹಿಡಿದು ಕರೆಯಬಾರದು ಎಂಬುದೂ ಆ ಮನೆಯ ಕಟ್ಟಳೆಯೇ. ಪೂಂಗೊಡಿ ಹೊಸ್ತಿಲು ದಾಟಿ, ಅಡುಗೆಮನೆಯಲ್ಲಿ ಅವನನ್ನು ಕಂಡು, ಸೊಂಟಕ್ಕೆ ಕೈಯಿಟ್ಟಳು.

“ದುಂಡಪ್ಪಾ, ನನಗೊಂದು ಬಿಡು.”

ದಕಾರ ಸ್ಪಷ್ಟವಾಗಿತ್ತು. ಯಾರೂ ತಿದ್ದಲಿಲ್ಲ.