ದೊಡ್ಡಮ್ಮನ ನಿಂತ ಹಬ್ಬ

ನಮ್ಮ ದೊಡ್ಡಮ್ಮ ಪಂಚಾಂಗಕ್ಕೇ ಒಂದು ಹಬ್ಬ ಸೇರಿಸಿದ ಹೆಂಗಸು ಎಂದರೆ ನೀವು ನಂಬಲಿಕ್ಕಿಲ್ಲ. ಪರವಾಗಿಲ್ಲ, ದೇರೆಬೈಲಿನ ನಮ್ಮ ನೆರೆಕರೆಯವರೂ ಮೊದಲು ನಂಬಿರಲಿಲ್ಲ. ಆಮೇಲೆ ಅವರ ಮನೆಗೂ ಬಿಸ್ಕೆಟ್ ಹೋಯಿತು, ನಂಬಿದರು. ನಂಬದೆ ಉಪಾಯವೇನಿತ್ತು? ಹಲ್ಲೇ ಸಾಕ್ಷಿ ಹೇಳುತ್ತಿತ್ತಲ್ಲ!

ಹಬ್ಬ ಬರುತ್ತಿದ್ದದ್ದು ನವೆಂಬರ್ ಹನ್ನೊಂದಕ್ಕೆ, ಮೊದಲನೆಯ ಮಹಾಯುದ್ಧ ನಿಂತ ದಿನ. ಆ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಸತ್ತ ಸೈನಿಕರ ನೆನಪಿಗಾಗಿ ಎರಡು ನಿಮಿಷ ಮೌನವಾಗಿ ನಿಲ್ಲಬೇಕೆಂದು ಬ್ರಿಟಿಷ್ ಸರಕಾರದವರು ಹೇಳಿದ್ದರು. ಅವರು ಹೇಳಿದ್ದು ಕಚೇರಿಗಳಿಗೆ ಮತ್ತು ಪೊಲೀಸರಿಗೆ. ಕೇಳಿಸಿಕೊಂಡದ್ದು ನಮ್ಮ ದೊಡ್ಡಮ್ಮ! ಅವರು ಅದಕ್ಕೆ ಇಟ್ಟ ಹೆಸರು 'ನಿಂತ ಹಬ್ಬ'. ಯುದ್ಧ ನಿಂತದ್ದಕ್ಕೆ ಆ ಹೆಸರೋ, ನಾವೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲಬೇಕಾಗಿದ್ದಕ್ಕೋ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಅವರ ಗಂಡ ಯುದ್ಧದ ಕಾಲದಲ್ಲಿ ಸೈನ್ಯದ ಕೂಲಿ ಪಡೆಗೆ ಸೇರಿ ಇರಾಕಿನ ಬಸ್ರಾಕ್ಕೆ ಹೋದವರು ತಿರುಗಿ ಬರಲಿಲ್ಲ. ಆ ಸಂಗತಿ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಮಾತನಾಡುತ್ತಿರಲಿಲ್ಲ. ದೊಡ್ಡಮ್ಮನೂ ಮಾತನಾಡುತ್ತಿರಲಿಲ್ಲ. ಅವರು ಬೇಯಿಸುತ್ತಿದ್ದರು, ಹೆಣೆಯುತ್ತಿದ್ದರು.

ಈ ಎರಡು ವಿದ್ಯೆಯನ್ನು ಅವರು ಕಲಿತದ್ದು ಮದುವೆಗೆ ಮೊದಲು, ಕೊಡಿಯಾಲ್‌ಬೈಲಿನಲ್ಲಿದ್ದ ಒಬ್ಬ ಜರ್ಮನ್ ಪಾದ್ರಿಯ ಹೆಂಡತಿಯಿಂದ. ಆ ದೊರೆಸಾನಿಯ ಮನೆಯಲ್ಲಿ ಬಿಸ್ಕೆಟ್ ಬೇಯಿಸಲಿಕ್ಕೆ ಕಬ್ಬಿಣದ ಪೆಟ್ಟಿಗೆಯಂಥ ಒಲೆ ಇತ್ತಂತೆ. ನಮ್ಮಲ್ಲಿ ಇದ್ದದ್ದು ಅಗಲ ಬಾಯಿಯ ಒಂದು ತಾಮ್ರದ ಚರಿಗೆ. ದೊಡ್ಡಮ್ಮ ಅದರ ತಳಕ್ಕೆ ಮರಳು ಹಾಕಿ, ಮರಳಿನ ಮೇಲೆ ತಟ್ಟೆ ಇಟ್ಟು, ಮುಚ್ಚಳದ ಮೇಲೂ ಕೆಂಡ ಹರಡುತ್ತಿದ್ದರು. ಮೈದಾ, ಬೆಲ್ಲ, ಕಾಯಿತುರಿ, ಮೊಟ್ಟೆ, ಎಲ್ಲ ಒಳ್ಳೆಯ ಸಾಮಾನೇ. ಒಳಗೆ ಹೋಗುವಾಗ ಎಲ್ಲವೂ ಮೆತ್ತಗೆ. ಹೊರಗೆ ಬರುವಾಗ ಏನಾಗುತ್ತಿತ್ತೋ ದೇವರೇ ಬಲ್ಲ! ಒಮ್ಮೆ ಒಂದು ಕಾಗೆ ಬಿಸ್ಕೆಟೊಂದನ್ನು ಕಚ್ಚಿಕೊಂಡು ಮನೆಯ ಮಾಡಿಗೆ ಹಾರಿತು, ಕುಟ್ಟಿತು, ಬೇಸತ್ತು ಕೆಳಗೆ ಬಿಟ್ಟಿತು. ಒಡೆದದ್ದು ಹಂಚು.

"ನೋಡಿ, ಬಿಸ್ಕೆಟಿಗೆ ಎಂತ ಆಗ್ಲಿಲ್ಲ!" ಎಂದು ದೊಡ್ಡಮ್ಮ ಅದನ್ನು ಹೆಮ್ಮೆಯಿಂದ ಎತ್ತಿ, ಸೆರಗಿನಲ್ಲಿ ಒರಸಿ, ಪುನಃ ಡಬ್ಬಕ್ಕೆ ಹಾಕಿದರು. ಆ ಕಾಗೆ ಆಮೇಲೆ ನಮ್ಮ ಅಂಗಳಕ್ಕೆ ಬಂದದ್ದನ್ನು ನಾನಂತೂ ಕಾಣೆ.

ಇನ್ನು ಹೆಣಿಗೆ. ಮಂಗಳೂರಿನ ಸೆಕೆ ಗೊತ್ತಲ್ಲ? ಸ್ನಾನ ಮಾಡಿ ಮೈ ಒರಸುವಷ್ಟರಲ್ಲಿ ಪುನಃ ಸ್ನಾನ ಆಗಿರುತ್ತದೆ. ಅಂಥ ಊರಿನಲ್ಲಿ ದೊಡ್ಡಮ್ಮ ವರ್ಷವಿಡೀ ಉಣ್ಣೆಯ ಟೊಪ್ಪಿ ಹೆಣೆಯುತ್ತಿದ್ದರು! ನಿಂತ ಹಬ್ಬದ ದಿನ ಮನೆಯ ಎಲ್ಲರಿಗೂ ಒಂದೊಂದು. ಅಳತೆಗೆ ನಮ್ಮ ತಲೆಯನ್ನು ಕೇಳುವ ಕ್ರಮ ಇರಲಿಲ್ಲ. ಹಿತ್ತಲಿನ ಬಳ್ಳಿಯಲ್ಲಿದ್ದ ಒಂದು ಕುಂಬಳಕಾಯಿಯೇ ಎಲ್ಲರ ತಲೆ. ಕಷ್ಟವೇನೆಂದರೆ, ಟೊಪ್ಪಿ ಹೆಣೆಯುತ್ತಾ ಹೋದ ಹಾಗೆ ಕುಂಬಳಕಾಯಿಯೂ ಬೆಳೆಯುತ್ತಾ ಹೋಗುತ್ತಿತ್ತು. ಮೊದಲು ಹೆಣೆದದ್ದು ಅಪ್ಪನಿಗೆ, ಅದು ನೆತ್ತಿಯ ಮೇಲೆ ಹಕ್ಕಿಗೂಡಿನಂತೆ ಕುಳಿತಿತು. ಕೊನೆಯದು ನನಗೆ, ಗಲ್ಲದವರೆಗೆ ಇಳಿಯಿತು. ನಾಯಿಗೂ ಒಂದು ಅಂಗಿ ಆಯಿತು. ಅದನ್ನು ತೊಡಿಸಿದ ಕೂಡಲೇ ನಾಯಿ ಗದ್ದೆಗೆ ಓಡಿ, ಕೆಸರಿನಲ್ಲಿ ಹೊರಳಾಡಿ, ಸಂಜೆ ಅಂಗಿಯಿಲ್ಲದೆ, ಬಹಳ ಸಮಾಧಾನದಿಂದ ಮನೆಗೆ ಬಂತು. ನಮಗೆ ಆ ಸ್ವಾತಂತ್ರ್ಯವೂ ಇರಲಿಲ್ಲ.

ಅಪ್ಪ ಕಚೇರಿಗೆ ಹೋಗುವಾಗ ಟೊಪ್ಪಿಯನ್ನು ಮನೆಯೆದುರು ಹಾಕಿಕೊಂಡು, ದಾರಿಯ ತಿರುವಿನಲ್ಲಿ ತೆಗೆದು ಚೀಲಕ್ಕೆ ತುರುಕುತ್ತಿದ್ದರು. ಒಂದು ದಿನ ತೆಗೆಯಲು ಮರೆತರು. ಬೆವರು ಸುರಿಸುತ್ತಾ, ಕೆಂಪು ಮುಖ ಹೊತ್ತು, ತಲೆಯ ಮೇಲೆ ಉಣ್ಣೆ ಇಟ್ಟುಕೊಂಡು ಬಂದವರನ್ನು ನೋಡಿ ಮೇಲಧಿಕಾರಿ ಗಾಬರಿಯಾದರು.

"ಎಂತ ಮಾರಾಯ್ರೇ, ಇಷ್ಟು ಜ್ವರ ಇಟ್ಟುಕೊಂಡು ಬಂದದ್ದಾ? ಹೋಗಿ, ಮನೆಗೆ ಹೋಗಿ ಮಲಗಿ!"

ಅಪ್ಪನಿಗೆ ಟೊಪ್ಪಿಯ ಬೆಲೆ ಗೊತ್ತಾದದ್ದು ಆವತ್ತು. ಆಮೇಲೆ ಯಕ್ಷಗಾನ ನೋಡಿ ನಿದ್ದೆಗೆಟ್ಟ ಮರುದಿನವೆಲ್ಲ ತಾವಾಗಿಯೇ ಕೇಳುತ್ತಿದ್ದರು: "ನನ್ನ ಟೊಪ್ಪಿ ಎಲ್ಲುಂಟು?"

ಎರಡು ನಿಮಿಷದ ಮೌನದ ಕತೆಯೇ ಬೇರೆ. ಗಡಿಯಾರ ಹನ್ನೊಂದು ಹೊಡೆದ ಕೂಡಲೇ ದೊಡ್ಡಮ್ಮ ಬೆರಳೆತ್ತುತ್ತಿದ್ದರು, ನಾವು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆವು. ಉಳಿದ ಹೊತ್ತಿನಲ್ಲಿ ಸುಮ್ಮನಿರುವ ಕೋಳಿಗೆ ಸರಿಯಾಗಿ ಆಗಲೇ ಮೊಟ್ಟೆ ಇಡುವ ಯೋಚನೆ ಬರುತ್ತಿತ್ತು, ಇಟ್ಟದ್ದನ್ನು ಊರಿಗೆಲ್ಲ ಸಾರುವ ಯೋಚನೆಯೂ ಬರುತ್ತಿತ್ತು. ಒಂದು ವರ್ಷ ಮೀನಿನ ಹೆಂಗಸು ಬುಟ್ಟಿ ಹೊತ್ತುಕೊಂಡು "ಬಂಗುಡೆ ಬೇಕಾ, ಬಂಗುಡೆ" ಎನ್ನುತ್ತಾ ಅಂಗಳಕ್ಕೆ ಕಾಲಿಟ್ಟಳು. ದೊಡ್ಡಮ್ಮ ಬೆರಳು ಅವಳ ಕಡೆಗೆ ತಿರುಗಿಸಿದರು. ಏನೋ ಪೂಜೆ ಇರಬೇಕೆಂದು ಪಾಪ, ಬುಟ್ಟಿ ಕೆಳಗಿಳಿಸಿ ಕೈಮುಗಿದು ಅವಳೂ ನಿಂತಳು. ನಮ್ಮ ಬೆಕ್ಕಿಗೆ ಮಹಾಯುದ್ಧದ ವಿಚಾರ ತಿಳಿದಿರಲಿಲ್ಲ. ಅದು ಮೆಲ್ಲನೆ ಬಂದು ಒಂದು ಬಂಗುಡೆ ಎತ್ತಿಕೊಂಡಿತು. ಅವಳು ಕಣ್ಣರಳಿಸಿದಳು, ಬಾಯಿ ತೆರೆದಳು, ದೊಡ್ಡಮ್ಮನ ಬೆರಳು ನೋಡಿ ಮುಚ್ಚಿದಳು. ಬೆಕ್ಕು ಹೋಗಿ ಇನ್ನೊಂದಕ್ಕೆ ಬಂತು!

ಮರುವರ್ಷ ಅವಳು ಗೇಟಿನಿಂದಲೇ ಕೂಗಿ ಕೇಳಿದಳು: "ಅಕ್ಕೇರೇ, ಇವತ್ತು ನಿಲ್ಲುವ ದಿನವಾ? ಹಾಗಾದ್ರೆ ಮೊದಲು ಬೆಕ್ಕನ್ನು ಕಟ್ಟಿ ಹಾಕಿ!"

ಈ ಹಬ್ಬಕ್ಕೆ ಮನೆಯಲ್ಲಿ ಒಬ್ಬ ವೈರಿಯೂ ಇದ್ದರು, ನನ್ನ ಮಾವ. ದೊಡ್ಡಮ್ಮನ ಒಬ್ಬನೇ ತಮ್ಮ. ಖಾದಿ ಉಟ್ಟು, ಚರಕ ತಿರುಗಿಸುತ್ತಿದ್ದ ಕಟ್ಟಾ ಸ್ವದೇಶಿ ಮನುಷ್ಯ.

"ಅಕ್ಕ, ದೊರೆಗಳು ಗೆದ್ದದ್ದಕ್ಕೆ ನಾವು ಬಿಸ್ಕೆಟ್ ತಿನ್ನುವುದಾ?"

"ಗೆದ್ದದ್ದಕ್ಕಲ್ಲ ಮಾರಾಯ, ನಿಂತದ್ದಕ್ಕೆ."

"ಹಬ್ಬ ಇಂಗ್ಲಿಷರದ್ದು, ಬಿಸ್ಕೆಟ್ ಜರ್ಮನರದ್ದು! ನಿಮಗೇ ನಗು ಬರುವುದಿಲ್ವಾ?"

"ಬರ್ತದೆ. ಆದರೆ ಒಲೆಗೆ ಅದೆಲ್ಲ ಗೊತ್ತುಂಟಾ?"

ಮಾವ ಪ್ರತಿಭಟನೆಗೆಂದು ಮೌನದ ಹೊತ್ತಿಗೆ ಸರಿಯಾಗಿ ಜಗಲಿಯಲ್ಲಿ ಚರಕ ತಿರುಗಿಸುತ್ತಿದ್ದರು. ಗಿರ್ರೋ ಎಂದು ಸದ್ದು. ಅದು ಮುಗಿದ ಮೇಲೆ ಒಳಗೆ ಬಂದು ಡಬ್ಬಕ್ಕೆ ಕೈ ಹಾಕುವುದನ್ನು ಮಾತ್ರ ಬಿಡುತ್ತಿರಲಿಲ್ಲ.

"ಅಸಹಕಾರ ಎಲ್ಲಿ ಹೋಯಿತು?" ಎಂದು ಅಮ್ಮ ಒಮ್ಮೆ ಕೇಳಿಯೇಬಿಟ್ಟರು.

"ಹಸಿವು ಸ್ವದೇಶಿ!" ಎಂದರು ಮಾವ, ಬಿಸ್ಕೆಟನ್ನು ದವಡೆಯಿಂದ ದವಡೆಗೆ ಸಾಗಿಸುತ್ತಾ.

ಹೀಗೆ ವರ್ಷಗಳು ಕಳೆದವು. ಆಮೇಲೆ ಎರಡನೆಯ ಮಹಾಯುದ್ಧ ಶುರುವಾಯಿತು. ಆ ವರ್ಷ ನವೆಂಬರ್ ಹನ್ನೊಂದರ ಬೆಳಿಗ್ಗೆ ನಾವು ಎದ್ದು ನೋಡಿದರೆ ಚರಿಗೆ ಅಟ್ಟದಲ್ಲೇ ಇದೆ. ದೊಡ್ಡಮ್ಮ ಜಗಲಿಯ ಮೆಟ್ಟಿಲಲ್ಲಿ ಕೈಯಲ್ಲಿ ಸೂಜಿಯಿಲ್ಲದೆ, ಸುಮ್ಮನೆ ಕುಳಿತಿದ್ದಾರೆ.

"ಬಿಸ್ಕೆಟ್ ಇಲ್ವಾ ದೊಡ್ಡಮ್ಮ?" ಎಂದೆ.

"ನಿಂತದ್ದು ಪುನಃ ಶುರುವಾಯಿತಲ್ಲ ಮಗಾ. ಇನ್ನು ಎಂತದ್ದರ ಹಬ್ಬ?"

ಇಷ್ಟು ವರ್ಷ ತಪ್ಪಿಸಿಕೊಳ್ಳಲು ದಾರಿ ಹುಡುಕಿದ ನಮಗೆ ಆವತ್ತು ಏನು ಮಾಡಬೇಕೆಂದು ತೋಚಲಿಲ್ಲ. ಅಪ್ಪ ಬರಿತಲೆಯಲ್ಲಿ ಕಚೇರಿಗೆ ಹೊರಟವರು ಎರಡು ಸಲ ಹಿಂತಿರುಗಿ ನೋಡಿದರು. ಆಗ ಅಡುಗೆಮನೆಯಲ್ಲಿ ದಡಬಡ ಸದ್ದು. ಹೋಗಿ ನೋಡಿದರೆ ಮಾವ! ಖಾದಿಯ ಮೇಲೆಲ್ಲ ಮೈದಾ, ಮೀಸೆಯಲ್ಲಿ ಬೆಲ್ಲ. ಮರಳನ್ನು ಚರಿಗೆಯ ತಳಕ್ಕೆ ಹಾಕುವ ಬದಲು ಅರ್ಧ ನೆಲಕ್ಕೆ ಸುರಿದಿದ್ದಾರೆ, ಹೊಗೆಗೆ ಕಣ್ಣು ಕಾಣದೆ ಮೊಟ್ಟೆಯನ್ನು ಕೆಂಡಕ್ಕೆ ಒಡೆದಿದ್ದಾರೆ.

"ನೀನು ಎಂತ ಮಾಡುವುದು?" ಎಂದು ಅಮ್ಮ ಚೀರಿದರು.

"ಕಾಣುವುದಿಲ್ವಾ? ಜರ್ಮನ್ ಬಿಸ್ಕೆಟ್!"

ಕೊನೆಗೆ ಆದದ್ದು ಒಂದು ಕಡೆ ಕರಿ, ಇನ್ನೊಂದು ಕಡೆ ಹಸಿಹಿಟ್ಟು. ಮಾವ ಅದನ್ನು ಬಾಳೆಲೆಯಲ್ಲಿಟ್ಟು ತಂದು ಅಕ್ಕನ ಪಕ್ಕ ಮೆಟ್ಟಿಲಲ್ಲಿ ಕುಳಿತರು. ದೊಡ್ಡಮ್ಮ ಒಂದನ್ನು ಮುರಿದು ಬಾಯಿಗಿಟ್ಟರು, ಅಗಿದರು, ನುಂಗಿದರು.

"ಬೆಲ್ಲ ಕಮ್ಮಿ," ಎಂದರು. ನಗಲು ಹೊರಟ ದೊಡ್ಡಮ್ಮ ನಗದೆ ತಮ್ಮನ ಕಡೆ ತಿರುಗಿದರು.

"ಅವರು ಬಸ್ರಾಕ್ಕೆ ಹೊರಟ ದಿನ ನಾನು ಪೆಟ್ಟಿಗೆಯಲ್ಲಿ ಬೀಸಣಿಗೆ ಇಟ್ಟು ಕಳಿಸಿದೆ, ಗೊತ್ತುಂಟಾ? ಮರುಭೂಮಿ ಅಲ್ವಾ, ಸೆಕೆ ಆದೀತು ಅಂತ. ತಾಳೆಗರಿಯ ದೊಡ್ಡ ಬೀಸಣಿಗೆ. ಹಡಗು ಹತ್ತುವ ಧಕ್ಕೆಯಲ್ಲಿ ನಿಂತವರೆಲ್ಲ ನೋಡಿ ನಕ್ಕಿದ್ದರು, ಅವರೂ ನಕ್ಕಿದ್ದರು. ಅಲ್ಲಿ ಚಳಿಗಾಲ ಉಂಟು ಅಂತ ನನಗೆ ಯಾರೂ ಹೇಳ್ಲಿಲ್ಲ. ಚಳಿಗೆ ಎದೆ ಕಟ್ಟಿ ಹೋದರಂತೆ."

ಮಾವ ಬಾಳೆಲೆಯನ್ನು ಆಚೆ ಸರಿಸಿ ಅಕ್ಕನಿಗೆ ಇನ್ನಷ್ಟು ಹತ್ತಿರ ಸರಿದು ಕುಳಿತರು. ಅಮ್ಮ ಊಟಕ್ಕೆ ಕರೆಯಲೆಂದು ಬಾಗಿಲವರೆಗೆ ಬಂದವರು, ಕರೆಯದೆ ಒಳಗೆ ಹೋಗಿ ಅನ್ನದ ಪಾತ್ರೆಗೆ ಮುಚ್ಚಳ ಮುಚ್ಚಿದರು.